ಸೂಜಿ ಹಿಡಿದ ಜಾಡು

ಫೆಬ್ರವರಿ 2, ಬೆಳಿಗ್ಗೆ 8.30
ನಾಯಿಯ ತಾಲೀಮಿಗೆ ಜಾಡು ಹಾಕಿ ಬಂದೆ. ಬೂಟಿನಡಿ ಜಿಂಕೆಯ ಗೊರಸು ಕಟ್ಟಿಕೊಂಡು, ಕೋಲೂರುತ್ತ, ಕಾಡಂಚಿನಲ್ಲಿ ಆರುನೂರು ಹೆಜ್ಜೆ. ಎರಡು ತಿರುವು, ಕೊನೆಗೆ ಒಂದು ತುಂಡು ತೊಗಲು. ನಾಳೆವರೆಗೆ ವಾಸನೆ ಹಳೆಯದಾಗಬೇಕು. ಗಾಯಗೊಂಡ ಪ್ರಾಣಿ ಹೋಗಿ ಒಂದು ದಿನ ಕಳೆದರೂ ಸೂಜಿ ಹುಡುಕಿ ಕೊಡಬೇಕಲ್ಲ.
ಸೂಜಿ ನನ್ನ ಹನ್ನೊಂದನೇ ಬೇಟೆನಾಯಿ. ಕೊನೆಯದೂ ಹೌದು. ಹೋದ ವರ್ಷ ಅದು ಎಳೆದ ರಭಸಕ್ಕೆ ಬಿದ್ದು ಸೊಂಟ ಮುರಿದುಕೊಂಡೆ. ಇನ್ನು ಹಗ್ಗ ಹಿಡಿದರೆ ನನ್ನ ಹತ್ತಿರ ಬರಬೇಡಿ ಅಂದರು ಡಾಕ್ಟರು. ಹಗ್ಗ ಈಗ ಇವಳ ಕೈಲಿ... ರಿಟೈರ್ಡ್ ನರ್ಸು, ನನ್ನ ಹೆಂಡತಿ. ನಲವತ್ತು ವರ್ಷ ನನ್ನ ನಾಯಿಗಳನ್ನೆಲ್ಲ ಸವತಿ ಅಂತಲೇ ಕರೆದವಳು.

ಫೆಬ್ರವರಿ 3, ಬೆಳಿಗ್ಗೆ 9
ಅಬ್ಬಾ. ಹನ್ನೊಂದು ನಿಮಿಷ, ಒಂದೂ ತಪ್ಪಿಲ್ಲ. ದಿಬ್ಬದ ಮೇಲೆ ನಿಂತು ನೋಡಿದೆ. ತಿರುವಿನಲ್ಲಿ ಸೂಜಿ ನಿಂತಿತು, ತಲೆ ಎತ್ತಿತು, ಮತ್ತೆ ಮೂಗು ನೆಲಕ್ಕೆ. ನನ್ನ ಎದೆ ಡವಡವ. ಇವಳು ವಾರ್ಡ್ ರೌಂಡ್ಸಿಗೆ ಹೊರಟ ಹಾಗೆ ತಣ್ಣಗೆ ಹಿಂದೆ ನಡೆದಳು. ನಾನಾಗಿದ್ದರೆ ಎರಡು ಸಲ ಹಗ್ಗ ಜಗ್ಗಿ ನಾಯಿಗೇ ಬುದ್ಧಿ ಹೇಳಿರುತ್ತಿದ್ದೆ.
ಇಪ್ಪತ್ತರ ವಯಸ್ಸಿನಲ್ಲಿ ನನ್ನ ಕಣ್ಣೆಲ್ಲ ಬಂದೂಕಿನ ಮೇಲೆ. ಅದನ್ನು ಮಾರಿ ಎಂಟು ವರ್ಷವಾಯಿತು, ಒಂದು ದಿನವೂ ನೆನಪಾಗಿಲ್ಲ. ಆದರೆ ಆ ಮೂಗು ನೆಲಕ್ಕೆ ಇಳಿಯುವುದನ್ನು ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.
20ಕ್ಕೆ ಟೆಸ್ಟ್. ಪಾಸಾದರೆ ಫಾರೆಸ್ಟ್ ಆಫೀಸಿನ ಲಿಸ್ಟಿಗೆ ಸೂಜಿಯ ಹೆಸರು. ಕಾರು ಗುದ್ದಿದ ಜಿಂಕೆ ಕಾಡು ಹೊಕ್ಕರೆ ನಮಗೆ ಫೋನ್. ಫೇಲಾದರೆ ಸೋಫಾ ಮೇಲೆ ಮಲಗುವ ನಾಯಿ. ಅಂಥ ಮೂಗು ಕಾಡಿಗೇ ಹೋಗದೆ ಕಾಡು ಬೆಳದಿಂಗಳಾಗಬಾರದು.

ಫೆಬ್ರವರಿ 19, ಸಂಜೆ
ನಾಳೆ. ಕೊರಳಪಟ್ಟಿಗೆ ಮೂರು ಸಲ ಎಣ್ಣೆ ಹಾಕಿದೆ. ಟೆಸ್ಟ್ ನಿಮಗೋ ನಾಯಿಗೋ ಅಂತ ಕೇಳಿದಳು.

ಫೆಬ್ರವರಿ 20, ಸಂಜೆ 5
ಫೇಲ್.
ಜಾಡು ಹಾಕಿದ್ದು ಪರೀಕ್ಷಕರು, ನಿನ್ನೆ. ಎಲ್ಲಿ ಹೋಗಿದೆ ಅಂತ ಇವಳಿಗೆ ಗೊತ್ತಿರಬಾರದು, ಅದು ನಿಯಮ. ಸೂಜಿ ನಲವತ್ತು ಹೆಜ್ಜೆ ಹೋಗಿ ಮೂಗೆತ್ತಿತಂತೆ, ತಿರುಗಿತಂತೆ. ನಾಯಿಯನ್ನು ನಂಬು ಅಂತ ನಾನೇ ಹೇಳಿಕೊಟ್ಟದ್ದು. ನಂಬಿದಳು. ಪೊದೆ ನುಗ್ಗಿ, ಕಾಲುವೆ ದಾಟಿ, ನೇರ ನಮ್ಮ ಕಾರಿಗೆ. ನಾಯಿಯ ಕಣ್ಣಿಗೆ ಬೀಳಬಾರದೆಂದು ನಾನು ಹಿಂದಿನ ಸೀಟಿನಲ್ಲಿ ಮುದುಡಿ ಮಲಗಿದ್ದೆ. ತೆರೆದಿದ್ದ ಗಾಜಿನೊಳಗೆ ಎರಡು ಪಾದ, ನಡುವೆ ಆ ಮೂತಿ.
ಹಿಂದೆಯೇ ಬಂದ ಪರೀಕ್ಷಕರು ಕನ್ನಡಕ ಒರೆಸಿಕೊಂಡರು. "ನಾಯೀದೇನೂ ತಪ್ಪಿಲ್ಲ, ಯಜಮಾನ್ರೇ. ನೀವು ಇಷ್ಟು ದಿನ ಕಲಿಸಿದ್ದು ಜಿಂಕೆ ವಾಸನೆ ಅಲ್ಲ, ನಿಮ್ಮದು."
ಏಳು ತಿಂಗಳು, ಎಲ್ಲ ಜಾಡೂ ನನ್ನದೇ. ಅದೇ ಕಾಲು, ಅದೇ ಕೋಲು, ಅದೇ ಬೆವರು. ಐವತ್ತು ವರ್ಷ ನಾಯಿ ಪಳಗಿಸಿದವನು ಅ ಆ ಇ ಈಯಲ್ಲೇ ತಪ್ಪಿದೆ. ನಾಯಿ ಬಾಲ ಡೊಂಕು ಅಂತಾರೆ. ಡೊಂಕು ನಂದು.
ಇನ್ನೊಂದು ಮಾತು, ಇಲ್ಲಿ ಮಾತ್ರ — ಮೂತಿ ಒಳಗೆ ಬಂದಾಗ, ಒಂದು ಕ್ಷಣ, ಖುಷಿಯಾಯಿತು.

ಫೆಬ್ರವರಿ 22
ಏಪ್ರಿಲ್‌ನಲ್ಲಿ ಇನ್ನೊಂದು ಅವಕಾಶ ಇದೆಯಂತೆ. ಊಟಕ್ಕೆ ಕೂತಾಗ ಹೇಳಿದಳು. "ಗೊರಸು ಪೋಸ್ಟ್‌ಮ್ಯಾನ್ ಕಟ್ಕೊಳ್ಳಲಿ. ಒಂದಿನ ಅವನು, ಒಂದಿನ ಟೈಲರ್. ನೀವು ಮನೇಲಿರಿ."
ತಟ್ಟೆ ಬಿಟ್ಟು ಎದ್ದೆ. ಬಂದೂಕು ಹೋಯಿತು, ಹಗ್ಗ ಹೋಯಿತು, ಈಗ ಕಾಲೂ ಬೇಡವೇ?
ಸಂಜೆ ಬೂಟಿನಿಂದ ಗೊರಸು ಬಿಚ್ಚಿ ಅವಳ ಮುಂದಿಟ್ಟೆ. ಒರೆಸಿ ಎತ್ತಿಟ್ಟುಕೊಂಡಳು.

ಮಾರ್ಚ್ 17
ಪೋಸ್ಟ್‌ಮ್ಯಾನ್ ಜಾಡು ಹಾಕುವಾಗಲೂ ಬಾಗಿಲು ತಪ್ಪಿದವನ ಹಾಗೆ ಮತ್ತೆ ಮತ್ತೆ ಹಿಂದೆ ಬರುತ್ತಾನಂತೆ. ಟೈಲರ್‌ದು ಅಳತೆ ಹಿಡಿದ ಗೆರೆ. ಸೂಜಿ ಮೊದಲ ವಾರ ಒದ್ದಾಡಿ, ಈಗ ಇಬ್ಬರದೂ ಹಿಡಿಯುತ್ತಿದೆ.
ನಾನು ಕಿಟಕಿಯಲ್ಲಿ. ಏನೂ ಕಾಣಲ್ಲ. ಮೊದಮೊದಲು ಬಂದು "ಆಯ್ತು" ಅಂತಿದ್ದಳು, ಅಷ್ಟೇ. ಇವತ್ತು ಬೂಟೂ ಬಿಚ್ಚದೆ ಅರ್ಧ ಗಂಟೆ ಹೇಳಿದಳು. ಟೀ ಆರಿಹೋಯಿತು. ನಡುವೆ "ನಮ್ಮ ಸೂಜಿ" ಅಂದಳು. ಸವತಿ ಅನ್ನಲಿಲ್ಲ. ಬರೆದಿಡುತ್ತಿದ್ದೇನೆ.

ಏಪ್ರಿಲ್ 14
ಪಾಸ್. ಪಾಸ್. ಪಾಸ್. ಇವತ್ತಿಗೆ ಇಷ್ಟು ಸಾಕು.

ಮೇ 6, ಬೆಳಿಗ್ಗೆ 6.40
ಫೋನ್ ಬಂತು — ಮೊದಲನೇದು. ನಿನ್ನೆ ಸಂಜೆ ಕಾರು ಗುದ್ದಿದ ಜಿಂಕೆ. ಕಾಲು ಮುರಿದುಕೊಂಡು ಕಾಡಿನೊಳಗೆ ಎಲ್ಲೋ ನರಳುತ್ತ ಬಿದ್ದಿದೆ. ನಾನು ಫೋನ್ ಇಡುವಷ್ಟರಲ್ಲಿ ಇವಳ ಬೂಟು ಕಟ್ಟಿಯಾಗಿತ್ತು.
ಕಾಡಲ್ಲಿ ಸಿಗ್ನಲ್ ಇಲ್ಲ. ಜಿಂಕೆ ಸಿಕ್ಕರೆ ರಸ್ತೆ ತಿರುವಲ್ಲಿ ಮೂರು ಹಾರ್ನ್ ಹೊಡೀತೀನಿ, ಇಲ್ಲದಿದ್ದರೆ ಸುಮ್ಮನೆ ಬರ್ತೀನಿ ಅಂದಳು. ಮೂರೇ ಯಾಕೆ ಅಂದೆ.
"ಬೇಟೆ ಸಿಕ್ಕಿದಾಗ ನೀವು ಕೊಂಬು ಮೂರು ಸಲ ಊದ್ತಿದ್ರಲ್ಲ. ಅಡುಗೆಮನೇಲಿ ಎಣಿಸ್ತಿದ್ದೆ."
ನಲವತ್ತು ವರ್ಷ ಹೇಳಿರಲೇ ಇಲ್ಲ.

8.15
ಇಲ್ಲ. ಮುಳ್ಳಿನ ಮೇಲೆ ಕೂತ ಹಾಗಿದೆ. ಇವಳು ಹೀಗೇ ಕೂತಿರುತ್ತಿದ್ದಳೇ?

9.05
ಕಾರು. ನಮ್ಮದೇ. ತಿರುವಿನ ಹತ್ತಿರ ನಿಧಾನ ಆಯಿತು... ಸುಮ್ಮನಿದೆ... ಇನ್ನೂ ಸುಮ್ಮನೆ —
ಒಂದು.
ಎರಡು.
ಕೋಲು ಎಲ್ಲಿಟ್ಟೆ... ಬೇಡ, ಹಾಗೇ ಹೋಗ್ತೀ—