ಕೈಚೀಲ ಕೂತ ಕುರ್ಚಿ

ಮಾಧ್ಯಮ ಪಾಠದ ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಒಂಬತ್ತನೇ ತರಗತಿಯ ಕೊನೆ ಬೆಂಚಿನ ಮಾತಿನಮಲ್ಲಿಯ ಅಪ್ಪ ನಾನು. ಪತ್ರಿಕೆಯಿಂದ ಒಂದು ಚಿತ್ರ ತಂದು, ಅದು ಏನನ್ನು ತೋರಿಸುತ್ತಿಲ್ಲ ಎಂದು ಬರೆಯಲು ಹೇಳಿದ್ದಿರಿ. ‘ಕಿಕ್ಕಿರಿದ ಸಭೆ’ ಎಂದು ಅಚ್ಚಾದ ಚಿತ್ರದ ಅಂಚಿನಲ್ಲಿ, ಕುರ್ಚಿಯೊಂದರ ಮೇಲೆ ಕೈಚೀಲ ಕೂತಿರುವುದನ್ನು ನನ್ನ ಮಗಳು ಕಂಡಳು. ‘ಅಷ್ಟು ಜನ ಇದ್ದಿದ್ದರೆ ಚೀಲಕ್ಕೆ ಯಾರು ಕುರ್ಚಿ ಬಿಡುತ್ತಾರೆ? ಸಭೆ ಖಾಲಿಯಿತ್ತು’ ಎಂದು ಬರೆದಳು. ನೀವು ‘ಇದು ಬರೀ ಊಹೆ’ ಎಂದು ಐದು ಅಂಕ ಕಳೆದಿರಿ. ನಿಮ್ಮ ತಪ್ಪಲ್ಲ, ಸಾಕ್ಷಿ ನನ್ನ ಕಪಾಟಿನಲ್ಲಿತ್ತು.

ಆ ಚಿತ್ರ ತೆಗೆದವನು ನಾನೇ. ಕೆಳಗಿನ ಸಣ್ಣ ಅಕ್ಷರದ ಹೆಸರನ್ನು ನೀವು ಗಮನಿಸಿರಲಿಕ್ಕಿಲ್ಲ. ಇಡೀ ಚಿತ್ರ ಈ ಪತ್ರದ ಜೊತೆಗಿದೆ. ಮುಂದಿನ ಎರಡು ಸಾಲು ಬಿಟ್ಟರೆ ಸಭಾಂಗಣ ಭಣಭಣ. “ಸ್ವಲ್ಪ ತುಂಬಿದ ಹಾಗೆ ಕಾಣ್ಲಿ” ಎಂದರು ಸಂಪಾದಕರು. ಹಿಂದಿನ ಸಾಲುಗಳಿಗೆ ಕತ್ತರಿ ಹಾಕಿದೆ. ಇಪ್ಪತ್ತು ವರ್ಷದಿಂದ ಹಾಕುತ್ತಿದ್ದೇನೆ, ಒಬ್ಬರೂ ಹಿಡಿದಿರಲಿಲ್ಲ. ಆ ಚೀಲ ನನ್ನ ಕಣ್ಣಿಗೇ ಬಿದ್ದಿರಲಿಲ್ಲ!

“ನಿಂಗೆ ಬೇರೆ ಚಿತ್ರ ಸಿಗ್ಲಿಲ್ವೇನೇ?” ಎಂದು ಮಗಳನ್ನು ಕೇಳಿದೆ.

“ಸಿಗ್ತಿತ್ತಪ್ಪ. ಆದ್ರೆ ನೀನು ತೆಗೆದಿದ್ದನ್ನ ನಾನು ಕಣ್ಣು ಮುಚ್ಕೊಂಡು ನಂಬ್ತೀನಲ್ಲ, ಅದಕ್ಕೇ ಅದನ್ನೇ ತಗೊಂಡೆ.”

ಮರುದಿನ ಕಚೇರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ನನ್ನ ಕತ್ತರಿಯನ್ನು ಮಗಳೇ ಹಿಡಿದಳು ಎಂದು ಹೇಳಿಕೊಂಡು ತಿರುಗಿದೆ. ಸಂಪಾದಕರನ್ನೂ ಬಿಡಲಿಲ್ಲ.

ದಯವಿಟ್ಟು ಅವಳ ಐದು ಅಂಕ ವಾಪಸ್ ಕೊಡಿ. ಎರಡೂ ಚಿತ್ರಗಳನ್ನು ತರಗತಿಯ ಗೋಡೆಗೆ ಅಕ್ಕಪಕ್ಕ ಅಂಟಿಸಿ. ಜಾಗ ಸಾಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿಸಿ, ಕೆಳಗಿರುವ ನನ್ನ ಹೆಸರನ್ನು ಮಾತ್ರ ಬೇಡ.

ಇಂತಿ,
ಅವಳ ಅಪ್ಪ