ದೊಡ್ಡದಾಗಿ ತೆರೆದುಕೊಂಡ ಚಿತ್ರ

ಗಂಗೊಳ್ಳಿ
೨೦-೨-೨೦೦೫, ಭಾನುವಾರ

ಪ್ರೀತಿಯ ಯತೀಶಣ್ಣನಿಗೆ,

ನಿನ್ನ ತಂಗಿ ನವ್ಯಶ್ರೀ ಮಾಡುವ ನಮಸ್ಕಾರ. ಕೈಗೆ ಎಣ್ಣೆ ಸಿಡಿದ ಗಾಯ ಮಾಗಿತೇ? ಉರಿ ಇದ್ದರೆ ಒಲೆಯ ಹತ್ತಿರ ಕೆಲಸ ಬೇಡವೆಂದು ಮಾಲೀಕರಿಗೆ ಹೇಳು, ಸುಮ್ಮನೆ ಸಹಿಸಬೇಡ. ಅಮ್ಮನ ಮಂಡಿನೋವು ಹಾಗೇ ಇದೆ. ಆದರೂ ಮೀನು ಬುಟ್ಟಿ ಹೊತ್ತು ಹೋಗುವುದನ್ನು ಬಿಟ್ಟಿಲ್ಲ. "ಮನೇಲ್ ಕೂಕಂಡ್ರೆ ಕಾಲ್ ಹಿಡಿತ್ತ್" ಎನ್ನುತ್ತಾಳೆ. ಈ ಪತ್ರದ ವಿಷಯ ಅವಳಿಗೆ ಗೊತ್ತಿಲ್ಲ. ಓದಿದ ಮೇಲೆ ಹರಿದುಹಾಕು. ಫೋನ್ ಮಾಡೋಣವೆಂದರೆ ಮುಂಬಯಿಯ ನಿಮ್ಮ ಹೋಟೆಲಿನ ಫೋನ್ ಇರುವುದು ಎಲ್ಲರೂ ದುಡ್ಡು ಕೊಡುವ ಗಲ್ಲೆಯ ಮೇಲೆ. ಜಿತೇಂದ್ರ ಭಾವನ ಗೆಳೆಯರು ದಿನವೂ ಅಲ್ಲೇ ಚಾ ಕುಡಿಯುತ್ತಾರೆಂದು ನೀನೇ ಹೇಳಿದ್ದೆ.

ಕುಂದಾಪುರದ ಕಂಪ್ಯೂಟರ್ ಕ್ಲಾಸಿನಲ್ಲಿ ನಾವೇ ಒಂದು ವೆಬ್‌ಸೈಟ್ ಮಾಡಿ ತೋರಿಸಬೇಕಿತ್ತಲ್ಲ, ನಾನು ಬೈಂದೂರಿನ ಒಣಮೀನು ಮಹಿಳಾ ಸಂಘದ್ದು ಮಾಡಿದೆ. ಸೀತು ಚಿಕ್ಕಮ್ಮನೇ ಅಧ್ಯಕ್ಷೆಯಾದ್ದರಿಂದ ಕೇಳಲು ಸಂಕೋಚವಿರಲಿಲ್ಲ. ನೋಟ್‌ಪ್ಯಾಡಿನಲ್ಲಿ ಎಲ್ಲವನ್ನೂ ನಾನೇ ಟೈಪ್ ಮಾಡಿದೆ ಅಣ್ಣಾ. ಎಲ್ಲೋ ಒಂದು ಟ್ಯಾಗ್ ಮುಚ್ಚದೆ ಬಿಟ್ಟು ಇಡೀ ಪುಟ ದಪ್ಪ ಅಕ್ಷರವಾಗಿ, ಅಳು ಬಂದಿತ್ತು. ಕನ್ನಡ ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡರೆ ಪಕ್ಕದ್ದರಲ್ಲಿ ಬರೀ ಕಸ. ಕೊನೆಗೆ ಸಂಘದ ಹೆಸರನ್ನೇ ಚಿತ್ರ ಮಾಡಿ ಮೇಲೆ ಕೂರಿಸಿದೆ. ಫೋನ್ ಲೈನ್ ಕಡಿದು ಕಡಿದು ಹೋಗುತ್ತಿದ್ದರೂ ಫೈಲುಗಳೆಲ್ಲ ಇಂಟರ್ನೆಟ್ಟಿಗೆ ಹತ್ತಿದಾಗ ನಮ್ಮ ಶ್ರೀಶ ಸರ್ ಬೆನ್ನು ತಟ್ಟಿ, "ಇನ್ನ್ ಲೋಕವೇ ಕಾಣ್ಲಿ" ಎಂದರು. ನಿನಗೆ ಬರೆದೆ. ನೀನು ಹೆಮ್ಮೆಯಿಂದ ವೆಬ್‌ಸೈಟಿನ ವಿಳಾಸವನ್ನು ಹೋಟೆಲಿನ ಗೋಡೆಗೇ ಅಂಟಿಸಿದೆ. ಅದನ್ನು ಈಗಲೇ ಕಿತ್ತುಬಿಡು ಅಣ್ಣಾ.

ಭಾವನ ಹೊಡೆತ ತಾಳದೆ ಧನ್ಯಕ್ಕ ಮಗಳು ರಮ್ಯಳನ್ನು ಎತ್ತಿಕೊಂಡು ಮುಂಬಯಿಯಿಂದ ಬಂದಾಗಿನಿಂದ, ಅವಳು ಚಿಕ್ಕಮ್ಮನ ಮನೆಯಲ್ಲಿದ್ದಾಳೆಂದು ಹೊರಗಿನವರಿಗೆ ಗೊತ್ತಾಗದಂತೆ ನಾವು ಎಷ್ಟು ಜಾಗ್ರತೆ ಮಾಡಿದ್ದೆವು! ಸಂಘದ ಶೆಡ್ಡಿನ ಫೋಟೋ ಹಾಕುವಾಗಲೂ ಒಂದೊಂದು ಮುಖ ನೋಡಿಯೇ ಹಾಕಿದೆ. ಪುಟದಲ್ಲಿ ಕಾಣುವುದು ಬೆಂಕಿಪೊಟ್ಟಣದಷ್ಟು ಸಣ್ಣ ಚಿತ್ರ, ಮುಂದೆ ನಿಂತ ಹೆಂಗಸರು ಮಾತ್ರ. ಆದರೆ ಅದನ್ನು ಒತ್ತಿದರೆ ಕ್ಯಾಮೆರಾದ ಇಡೀ ಫೋಟೋ ತೆರೆದುಕೊಳ್ಳುವ ಹಾಗೆ ಮಾಡಿದ್ದೆ, ಚಂದವಿರುತ್ತದೆಂದು. ಅದರ ಮೂಲೆಯಲ್ಲಿ, ಚಾಪೆಯ ಮೇಲೆ ಮೀನು ಹರವುತ್ತ, ತಲೆಯೆತ್ತಿ ನಮ್ಮ ಕಡೆಗೇ ನೋಡಿದ್ದಾಳೆ ಅಕ್ಕ.

ನನಗೆ ಅದು ತಿಳಿದದ್ದು ಮೊನ್ನೆ ಶುಕ್ರವಾರ. ನೋಡಿದವರು ಏನಾದರೂ ಬರೆದು ಹೋಗಲೆಂದು ಗೆಸ್ಟ್‌ಬುಕ್ ಎಂಬ ಪುಟ ಇಟ್ಟಿದ್ದೆ. ಯಾರಾದರೂ ಹೊಗಳಿರಬಹುದೆಂದು ತೆರೆದರೆ, ಹೆಸರಿಲ್ಲದೆ, ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮದೇ ಮಾತು: "ಎಲ್ಲ್ ಹೋರೂ ಹುಡ್ಕತೆ ಅಂದಿದ್ನಲೆ." ಬೇರೇನೂ ಇಲ್ಲ. ಎಲ್ಲಿ ಹೋದರೂ ಹುಡುಕುತ್ತೇನೆಂದು ಭಾವ ಕುಡಿದು ಬಂದಾಗಲೆಲ್ಲ ಹೆದರಿಸುತ್ತಿದ್ದುದು ಹೀಗೆಯೇ ಎಂದು ಅಕ್ಕ ಎಷ್ಟು ಸಲ ಹೇಳಿಲ್ಲ? ಕೂಡಲೇ ಫೋಟೋಗಳನ್ನು ಒಂದೊಂದಾಗಿ ಒತ್ತಿ ನೋಡಿದೆ, ಮೂಲೆಯಲ್ಲಿ ಅಕ್ಕ ಕಂಡಳು. ಚಿತ್ರ ಅಳಿಸಿದೆ, ಪುಟವನ್ನೂ ತೆಗೆದೆ. ಆದರೆ ಪಕ್ಕದ ಕಂಪ್ಯೂಟರಿನಲ್ಲಿ ನೋಡಿದರೆ ಅಕ್ಕ ಇನ್ನೂ ಅಲ್ಲೇ ಇದ್ದಾಳೆ! ಮೊದಲು ನೋಡಿದ್ದನ್ನು ಯಂತ್ರ ಸ್ವಲ್ಪ ಕಾಲ ಉಳಿಸಿಕೊಳ್ಳುತ್ತದೆ, ಹೆದರಬೇಡ ಎಂದರು ಸರ್. ಅವನ ಕಣ್ಣಿಗೆ ಬಿದ್ದದ್ದನ್ನು ಅಳಿಸುವುದು ಹೇಗೆಂದು ಅವರನ್ನು ಕೇಳಲು ನನಗೆ ಬಾಯಿ ಬರಲಿಲ್ಲ.

ಅಲ್ಲಿಂದಲೇ ಬಸ್ಸು ಹತ್ತಿ ಬೈಂದೂರಿಗೆ ಹೋದೆ. ಅಕ್ಕ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹಿಂಬಾಗಿಲಿಗೆ ಅಗಳಿ ಹಾಕಿ ಬಂದು ಕುಳಿತಳು. ಶನಿವಾರ ರಮ್ಯಳನ್ನು ಶಾಲೆಗೆ ಕಳಿಸಲಿಲ್ಲ. ಸಂಜೆ ಚಿಕ್ಕಮ್ಮನ ಮನೆಗೆ ಫೋನ್ ಬಂತಂತೆ, ಆ ನಂಬರನ್ನೂ ವೆಬ್‌ಸೈಟಿನಲ್ಲಿ ಹಾಕಿದ್ದು ನಾನೇ. ಗಂಡಸಿನ ಸ್ವರ, ಶೆಡ್ಡು ಎಷ್ಟು ಹೊತ್ತಿಗೆ ತೆರೆಯುತ್ತದೆಂದು ಕೇಳಿ ಇಟ್ಟುಬಿಟ್ಟಿತು. ಒಣಮೀನು ಕೊಳ್ಳುವವರೇ ಇರಬಹುದು. ಇರಲಿ ದೇವರೇ ಎಂದು ಬೇಡುತ್ತಿದ್ದೇನೆ. ಮನೆಯ ಮುಂದೆ ರಿಕ್ಷಾ ನಿಂತರೂ ಕಿಟಕಿಗೆ ಓಡಿ ನೋಡುತ್ತೇನೆ.

ಅಕ್ಕನನ್ನು ಭಾವನಿಗೆ ಗೊತ್ತಿಲ್ಲದ ಸಿದ್ದಾಪುರದ ಪದ್ದಕ್ಕನ ಮನೆಗೆ ಕಳಿಸೋಣವೆಂದರೆ ಒಪ್ಪುತ್ತಿಲ್ಲ. ನಿನ್ನಿಂದ ಒಂದೇ ಉಪಕಾರ ಅಣ್ಣಾ. ಹೇಗಾದರೂ ಅವನ ಕೋಣೆಯ ಕಡೆ ಹೋಗಿ, ಅವನು ಇದ್ದಾನೋ ಬೀಗ ಹಾಕಿದೆಯೋ ನೋಡು. ಜಗಳಕ್ಕೆ ನಿಲ್ಲಬೇಡ. ನೋಡಿ ತಿಳಿಸು, ಅಷ್ಟೇ.

ಅಮ್ಮನ ಆಶೀರ್ವಾದವಿದೆ. ಹೊತ್ತು ಹೊತ್ತಿಗೆ ಉಣ್ಣು.

ನಿನ್ನ ತಂಗಿ
ನವ್ಯ

ತಾ.ಕ.: ಸೋಮವಾರ, ಬೈಂದೂರು ಅಂಚೆಕಚೇರಿಯಿಂದ. ಅವನ ಕೋಣೆಗೆ ಹೋಗಬೇಡ. ಅವನು ಇಲ್ಲಿದ್ದಾನೆ. ಬೆಳಿಗ್ಗೆ ರೈಲಿಳಿದು ನೇರ ಶೆಡ್ಡಿಗೇ ಬಂದ. ಅಕ್ಕನ ಜೊತೆಗಿರಲೆಂದು ಮೊದಲ ಬಸ್ಸಿಗೇ ಬಂದ ನಾನೂ ಅಲ್ಲೇ ಇದ್ದೆ. ಚಿಕ್ಕಮ್ಮ "ಹ್ವಾಯ್, ಯಾರ್ ಬೇಕಿತ್ತ್?" ಎಂದು ಅಡ್ಡ ನಿಂತರೆ ಅವರನ್ನು ತಳ್ಳಿಯೇಬಿಟ್ಟ. ಒಳಗೆ ಅವಿತಿದ್ದ ಅಕ್ಕ ತಾನಾಗಿಯೇ ಹೊರಗೆ ಬಂದಳು. ಅವನ ಎದುರಿಗೇ ನಿಂತು, "ನಾ ಬತ್ತಿಲ್ಲೆ. ಇನ್ನ್ ಓಡುದೂ ಇಲ್ಲೆ" ಎಂದಳು. ಅವನು ಕೈ ಎತ್ತಿದ. ಆಗ ಹೆಂಗಸರೆಲ್ಲ ಮೀನು ಬಿಟ್ಟು ಎದ್ದು ಸುತ್ತ ನಿಂತರು, ಯಾರೂ ಅವನನ್ನು ಮುಟ್ಟಲಿಲ್ಲ, ದಾರಿಯನ್ನೂ ಬಿಡಲಿಲ್ಲ, ಪೊಲೀಸರು ಬರುವ ತನಕ. ಈಗ ಠಾಣೆಯಲ್ಲಿ ಕೂರಿಸಿದ್ದಾರೆ. ಅಕ್ಕ ದೂರು ಬರೆದುಕೊಟ್ಟಳು. ಆದರೆ ನಾಳೆ ಬಿಡಬಹುದಂತೆ ಅಣ್ಣಾ. ಕಾಗದ ಸಿಕ್ಕಿದ ದಿನವೇ ಹೊರಟು ಬಾ.