ಆಕಾಶ ಜೋಕಾಲಿಗೆ ಕಟ್ಟಿದ ಎಲೆತೋಟದ ಗಂಟು

ಸವಣೂರು, ೧೯೮೪

ಮಾನ್ಯ ವಿಹಾರಧಾಮದ ಆಡಳಿತಾಧಿಕಾರಿಗಳೇ,

ತಮ್ಮ ಆನಂದವನ ವಿಹಾರಧಾಮದ ಹೊಸ ಜಾಹೀರಾತಿನಲ್ಲಿ ಕುರ್ಚಿಯ ಮೇಲೆ ಕುಳಿತು ನಗುತ್ತಿರುವ ಹುಡುಗಿ ಸತ್ತುಹೋಗಿದ್ದಾಳೆ. 'ಬರುವ ಭಾನುವಾರದಿಂದ ಆಕಾಶ ಜೋಕಾಲಿ ಮತ್ತೆ ಆರಂಭ, ಕುಟುಂಬ ಸಮೇತ ಬಂದು ಆನಂದಿಸಿರಿ' ಎಂದು ತಾವು ಕರೆಯುತ್ತಿದ್ದೀರಲ್ಲ, ಅದೇ ಜೋಕಾಲಿಯಿಂದ ಬಿದ್ದು ಸತ್ತಳು. ಅವಳು ನನ್ನ ಮಗಳು ಹಮೀದುನ್ನೀಸಾ. ನಾನು ಕಡಲೆಹಿಟ್ಟಿನ ಖಾರ ಕರಿದು ಮಾರುವವನು. ಪತ್ರಿಕೆ ಹರಿದು ಪೊಟ್ಟಣ ಕಟ್ಟುವುದು ನನ್ನ ಹೆಂಡತಿ ರೋಶನಬಿಯ ಕೆಲಸ. ಮೊನ್ನೆ ಅವಳು ಹಾಳೆ ಹರಿಯಲು ಕೈ ಹಾಕಿದಾಗ ಸ್ವಂತ ಮಗಳ ಮುಖ ಎದುರಿಗೆ ಬಂತು. ಈಗ ಇಡೀ ಊರಿನ ಅಂಗಡಿಗಳಲ್ಲಿ ಆ ಮುಖದಲ್ಲಿ ಬೆಲ್ಲ ಕಟ್ಟುತ್ತಾರೆ, ಒಣಮೀನು ಕಟ್ಟುತ್ತಾರೆ, ಎಣ್ಣೆ ಒರೆಸಿ ಚರಂಡಿಗೆ ಎಸೆಯುತ್ತಾರೆ. ಚಿತ್ರ ಬಹಳ ಚೆನ್ನಾಗಿ ಬಂದಿದೆ ಎಂದು ತಮ್ಮ ಕಚೇರಿಯಲ್ಲಿ ಯಾರಾದರೂ ಹೊಗಳಿರಬೇಕು. ನಾನೂ ಒಪ್ಪುತ್ತೇನೆ.

ಆ ಚಿತ್ರ ತೆಗೆದ ದಿನ ತಾವೇ ಮುಂದೆ ನಿಂತಿದ್ದಿರಿ, ಮರೆತಿರಲಾರಿರಿ. ಹೊಸ ಆಕರ್ಷಣೆಗಳನ್ನು ನೋಡಲು ಹುಬ್ಬಳ್ಳಿಯಿಂದ ಪತ್ರಿಕೆಯವರು ಬಂದಿದ್ದರು. ಪುಟಾಣಿ ರೈಲು ತೋರಿಸಿದಿರಿ, ದೋಣಿ ತೋರಿಸಿದಿರಿ, ಬಣ್ಣದ ಕಾರಂಜಿ ತೋರಿಸಿದಿರಿ. ಕೊನೆಗೆ ಕಂಬದ ಸುತ್ತ ಸರಪಳಿಯಲ್ಲಿ ಕುರ್ಚಿಗಳು ತೂಗುವ ಆಕಾಶ ಜೋಕಾಲಿಯ ಸರದಿ ಬಂತು. ಕುರ್ಚಿಯಲ್ಲಿ ಕೂತವರ ಸೊಂಟಕ್ಕೆ ಹಾಕುವ ಚರ್ಮದ ಪಟ್ಟಿಗಳು ಮುಂಬಯಿಯಿಂದ ಇನ್ನೂ ಬಂದಿರಲಿಲ್ಲ. ಪಟ್ಟಿ ಬಂದಿಲ್ಲವೆಂದರೆ ಬುದ್ಧಿ ಇದ್ದವರು ಯಂತ್ರವನ್ನು ನಿಲ್ಲಿಸುತ್ತಾರೆ. ತಾವು ಹಗ್ಗ ತರಿಸಿದಿರಿ. ಪಕ್ಕದಲ್ಲಿ ಕಸ ಬಳಿಯುತ್ತಿದ್ದ ಭರಮಪ್ಪನನ್ನು ಕರೆದು, "ಏಯ್, ನೀನೇ ಕಟ್ಟಪ್ಪ, ಬೇಗ, ಫೋಟೋದವರು ಕಾಯ್ತಿದ್ದಾರೆ" ಎಂದಿರಿ. ತಮ್ಮ ಉಪಾಹಾರಗೃಹಕ್ಕೆ ಖಾರದ ಡಬ್ಬಿ ಕೊಟ್ಟು ಹಿಂದಿರುಗುತ್ತಿದ್ದ ನನ್ನ ಮಗಳನ್ನು ನೋಡಿ, "ಬಾಮ್ಮ, ಕೂತ್ಕೋ, ಪೇಪರಿನಲ್ಲಿ ಬರ್ತೀಯ" ಎಂದಿರಿ. ನಾನು ವಿಹಾರಧಾಮದ ಬಾಗಿಲ ಹತ್ತಿರ ಅಂಗಡಿಯ ಗಾಡಿ ನಿಲ್ಲಿಸಿಕೊಂಡು ಖಾರ ಕರಿಯುತ್ತಿದ್ದೆ. ಅವಳು ನನ್ನ ಕಡೆ ನೋಡಿ ಕೈ ಬೀಸಿದಳು, ನಾನೂ ಎಣ್ಣೆಯಿಂದ ಖಾರ ತೆಗೆಯುವ ಝಾರಿ ಎತ್ತಿ ಹೂಂ ಎಂದೆ.

ಈ ಭರಮಪ್ಪ ಯಾರು ಎಂದು ತಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ತಮ್ಮ ಕಾರಂಜಿ ಈಗ ಎಲ್ಲಿದೆಯೋ ಅಲ್ಲಿ ಅವನ ವೀಳ್ಯದೆಲೆ ಬಳ್ಳಿಯ ತೋಟವಿತ್ತು. ಜಾಗ ಅಳೆಯಲು ಬಂದ ದಿನ ತಾವು ಬೂಟುಗಾಲಲ್ಲಿ ತೋಟದೊಳಗೆ ನಡೆದಿರಿ. ಗುಡಿಯ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಹೋಗುವ ಜಾಗ ಅದು. "ಸಾಹೇಬ್ರ, ಕಾಲಾಗಿಂದು ಅಷ್ಟ ತಗದು ಬರ್ರಿ" ಎಂದು ಭರಮಪ್ಪ ಕೈ ಮುಗಿದು ಕೇಳಿದಾಗ ತಮ್ಮ ಜೊತೆಗಿದ್ದವರು ನಕ್ಕರು. ಆಮೇಲೆ ಬಳ್ಳಿ ಕಡಿದರು, ಬಳ್ಳಿ ಹಬ್ಬಿದ ಚೊಗಚಿ ಮರಗಳನ್ನೂ ಕಡಿದರು, ಅವನ ಕೈಗೆ ಪೊರಕೆ ಕೊಟ್ಟರು. ಇದಕ್ಕೆ ತಮ್ಮ ಭಾಷೆಯಲ್ಲಿ ಸ್ಥಳೀಯರಿಗೆ ಉದ್ಯೋಗಾವಕಾಶ ಎನ್ನುತ್ತಾರೆ.

ಇನ್ನು ಗಂಟಿನ ವಿಷಯ. ಎಲೆತೋಟದವರು ಬಳ್ಳಿಯನ್ನು ಮರಕ್ಕೆ ಬಾಳೆನಾರಿನಿಂದ ಕಟ್ಟುತ್ತಾರೆ. ಬಿಗಿದರೆ ಬಳ್ಳಿಗೆ ಕುಣಿಕೆ ಬಿದ್ದು ಒಣಗುತ್ತದೆ. ಅದಕ್ಕಾಗಿ ಬಳ್ಳಿ ಬಲಿತು ಒತ್ತಿದಾಗ ತಾನಾಗಿ ಸಡಿಲವಾಗುವಂಥ ಗಂಟು ಹಾಕುತ್ತಾರೆ. ಬಳ್ಳಿ ಎಳೆಯದಾದಷ್ಟೂ ಗಂಟು ಹಗುರ. ಭರಮಪ್ಪನ ಕೈ ಚಿಕ್ಕಂದಿನಿಂದ ಕಟ್ಟಿದ್ದು ಆ ಗಂಟನ್ನೇ. ಎದುರಿಗೆ ಎಳೆಯ ಹುಡುಗಿ ಕೂತಿದ್ದಳು, ಕೈ ತನ್ನ ರೂಢಿಯಂತೆ ನಡೆಯಿತು. "ಗಟ್ಟಿ ಕಟ್ರಿ ಕಾಕಾ, ಬಿದ್ದು ಗಿದ್ದೇನು" ಎಂದು ಅವಳು ನಗುತ್ತಾ ಹೇಳಿದಳಂತೆ. "ಭಾಳ ಬಿಗಿದ್ರ ಉಸಿರು ಹಿಡಿತೈತಿ ತಂಗಿ, ಹೆದರಬ್ಯಾಡ, ಇದು ಜೀವ ಕಾಯೋ ಗಂಟ ಐತಿ" ಎಂದನಂತೆ ಅವನು. ಅವನು ಸುಳ್ಳು ಹೇಳಲಿಲ್ಲ. ಆ ಗಂಟು ಜೀವ ಕಾಯುವುದು ತೋಟದಲ್ಲಿ, ತಮ್ಮ ಯಂತ್ರದಲ್ಲಿ ಅಲ್ಲ. ಆ ವ್ಯತ್ಯಾಸ ತಿಳಿಯಬೇಕಾದವರು ಯಾರು? ಪೊರಕೆ ಹಿಡಿದವನೋ, ಪಕ್ಕದಲ್ಲಿ ನಿಂತು ಕ್ಯಾಮೆರಾ ಕಡೆ ನಗುತ್ತಿದ್ದ ತಾವೋ?

ಯಂತ್ರ ಜೋರಾಗಿ ತಿರುಗಿತು, ಕುರ್ಚಿಗಳು ಹೊರಕ್ಕೆ ವಾಲಿದವು. ಅವಳ ಮೈಭಾರ ಹಗ್ಗವನ್ನು ಒತ್ತಿತು. ಗಂಟು ಸಡಿಲವಾಯಿತು. ಅವಳು ಒಂದು ಕೈಯಲ್ಲಿ ಸರಪಳಿ ಹಿಡಿದು ಜೋತಾಡಿದ್ದನ್ನು ನಾನು ಗಾಡಿಯಿಂದಲೇ ನೋಡಿದೆ. ಅಬ್ಬಾ ಎಂದು ನನ್ನನ್ನು ಕೂಗಿ ಕರೆದದ್ದು ಕೇಳಿಸಿತು. ನಿಲ್ಲಿಸಿರೆಂದು ನಾನು ಅರಚಿದ್ದು ತಮ್ಮ ಧ್ವನಿವರ್ಧಕದ ಹಾಡಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಕೈ ಜಾರಿತು. ಪಕ್ಕದ ಕಾರಂಜಿಯ ಕಲ್ಲುಕಟ್ಟೆಗೆ ತಲೆ ಬಡಿದು ಒಡೆಯಿತು. ಮೊದಲು ಓಡಿ ಬಂದವನು ಭರಮಪ್ಪ. ತನ್ನ ರುಮಾಲು ಬಿಚ್ಚಿ ಒಡೆದ ತಲೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ಬೆರಳ ಸಂದಿಯಿಂದ ರಕ್ತ ಹರಿದು ಕಾರಂಜಿಯ ನೀರೆಲ್ಲ ಕೆಂಪಾಯಿತು. ಮೇಲೆ ಅವಳ ಖಾಲಿ ಕುರ್ಚಿ ಇನ್ನೂ ತಿರುಗುತ್ತಿತ್ತು, ಹಾಡೂ ನಿಂತಿರಲಿಲ್ಲ.

ಆಗ ತಾವು ಬೆರಳು ತೋರಿಸಿ ಆಡಿದ ಮಾತು ನನಗೆ ನೆನಪಿದೆ: "ಕಟ್ಟಿದ್ದು ಇವನೇ, ಹಿಡೀರಿ ಇವನನ್ನ." ಜನಕ್ಕೆ ಅಷ್ಟೇ ಸಾಕಾಯಿತು. ಅವನನ್ನು ನನ್ನ ಮಗಳ ಮೈಮೇಲಿಂದ ಎಳೆದು ಬಡಿಗೆಯಿಂದ ಹೊಡೆದರು, ಒದ್ದರು. ಒಬ್ಬ ಅವನ ಬಲಗೈಯನ್ನು ಅದೇ ಕಲ್ಲುಕಟ್ಟೆಯ ಮೇಲೆ ಇಟ್ಟು ಹಿಡಿದ, ಇನ್ನೊಬ್ಬ ಕಲ್ಲೆತ್ತಿ ಜಜ್ಜಿದ. ಬೆರಳುಗಳು ಮುರಿದ ಸದ್ದು ಕೇಳಿದೆ. ಸುಳ್ಳೇಕೆ ಹೇಳಲಿ, ನಾನೂ ಅವನನ್ನು ಕೊಲ್ಲಬೇಕೆಂದೇ ಓಡಿ ಹೋಗಿದ್ದೆ, ಕಾದ ಎಣ್ಣೆಯಿಂದ ತೆಗೆದ ಝಾರಿ ಕೈಯಲ್ಲೇ ಇತ್ತು. ಅವನು ನನ್ನನ್ನು ನೋಡಿ ತಪ್ಪಿಸಿಕೊಳ್ಳಲಿಲ್ಲ. "ಶೇಖಸಾಬರ, ಬಳ್ಳಿಗೆ ಕಟ್ಟಿದಂಗ ಕಟ್ಟಿದ್ನ್ರಿ... ನೋವಾಗಬಾರ್ದಂತ ಕಟ್ಟಿದ್ನ್ರಿ..." ಎಂದು ರಕ್ತ ಉಗುಳುತ್ತಾ ಅತ್ತ. ಹುಟ್ಟಿದಾಗಿನಿಂದ ಎಲೆತೋಟಗಳ ಪಕ್ಕದಲ್ಲೇ ಬದುಕಿದ ನನಗೆ ಏನಾಯಿತೆಂದು ಅಲ್ಲೇ ತಿಳಿಯಿತು. ಝಾರಿ ಎಸೆದು ಅವನ ಮೇಲೆ ಅಡ್ಡ ಬಿದ್ದೆ. ಬೆನ್ನಿಗೆ ಬಿದ್ದ ಪೆಟ್ಟಿನ ಗುರುತು ಇನ್ನೂ ಇದೆ.

ಇಷ್ಟಕ್ಕೇ ಮುಗಿಸಿದ್ದರೆ ತಮ್ಮನ್ನು ಬರಿಯ ಹೇಡಿ ಎಂದು ಸುಮ್ಮನಾಗುತ್ತಿದ್ದೆ. ತೋಟ ಹೋದ ಸೇಡಿಗೆ ಭರಮಪ್ಪ ಬೇಕೆಂದೇ ಸಡಿಲ ಕಟ್ಟಿ ಕೊಂದನೆಂದು ತಾವು ದೂರು ಕೊಟ್ಟಿದ್ದೀರಿ. ಮುರಿದ ಕೈಗೆ ಪಟ್ಟಿ ಕೂಡ ಸರಿಯಾಗಿ ಸುತ್ತದೆ ಅವನನ್ನು ಲಾಕಪ್ಪಿನಲ್ಲಿ ಹಾಕಿದ್ದಾರೆ, ಒಪ್ಪಿಕೋ ಎಂದು ದಿನಾ ಹೊಡೆಯುತ್ತಿದ್ದಾರೆ. ಅವನ ಹೆಂಡತಿ ಉಡಚವ್ವ ಬುತ್ತಿ ಒಯ್ದು, ಮಗುವಿಗೆ ಉಣಿಸಿದಂತೆ ಗಂಡನಿಗೆ ತುತ್ತು ಕೊಟ್ಟು ಬರುತ್ತಾಳೆ. ಇತ್ತ ನಿನ್ನೆ ತಮ್ಮ ಜನ ನನ್ನ ಅಂಗಡಿಗೆ ಬಂದು, "ತಂದಿ ಆದವ್ರು ನೀವು, ಅವ ಬೇಕಂತ ಕೊಂದಾನಂತ ಒಂದು ಸಹಿ ಮಾಡ್ರಿ" ಎಂದರು. ಮಾಡುವುದಿಲ್ಲ ಎಂದೆ. ಕಡಾಯಿ ಒದ್ದು ಕೆಡವಿದರು, ಕಾದ ಎಣ್ಣೆ ರೋಶನಬಿಯ ಪಾದದ ಮೇಲೆ ಬಿತ್ತು. ಅದೇ ಸಂಜೆ ನಮ್ಮ ಓಣಿಯಲ್ಲಿ 'ನಿಮ್ಮ ಹುಡುಗೀನ ಅವರು ಕೊಂದರು' ಎಂದೂ ಭರಮಪ್ಪನ ಓಣಿಯಲ್ಲಿ 'ನಿಮ್ಮವನನ್ನ ಅವರು ಕೊಲ್ಲಿಸ್ತಾರ' ಎಂದೂ ಹೇಳಿಸಿದಿರಿ. ಒಂದು ಜೋಕಾಲಿಯ ಮಾನ ಉಳಿಸಲು ಎರಡು ಓಣಿಗೆ ಬೆಂಕಿ ಬೇಕೇ, ಮಾನ್ಯರೇ? ಸುಟ್ಟ ಕಾಲಲ್ಲೇ ರೋಶನಬಿ ಉಡಚವ್ವನ ಮನೆಗೆ ಕುಂಟುತ್ತಾ ಹೋಗಿ, ಎಲ್ಲರ ಕಣ್ಣೆದುರು ಅವಳ ಪಕ್ಕದಲ್ಲಿ ಕೂತಳು. "ಅಕ್ಕಾ, ನಿನ್ನ ಗಂಡ ಮನಿಗೆ ಬರೂತನ ನಾ ಇಲ್ಲೇ ಇರ್ತೇನಿ" ಎಂದಳು. ಇನ್ನೂ ಅಲ್ಲೇ ಇದ್ದಾಳೆ.

ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಕನ್ನಡ ಸಾಲೆ ಕಲಿತವನು. ಅರ್ಜಿ ಬರೆಯಲು ಬರುತ್ತದೆ. ಆದರೆ ಕಚೇರಿಗೆ ಕೊಟ್ಟ ಅರ್ಜಿಯನ್ನು ತಾವೊಬ್ಬರೇ ಓದುತ್ತೀರಿ, ಅದಕ್ಕಾಗಿ ಇದನ್ನು ಎಲ್ಲರೂ ಓದುವಂತೆ ಬಹಿರಂಗ ಪತ್ರವಾಗಿ ಬರೆದಿದ್ದೇನೆ. ಮಗಳ ಚಿತ್ರವನ್ನು ತೆಗೆಸಿರಿ. ಠಾಣೆಗೆ ತಾವೇ ಹೋಗಿ, ಪಟ್ಟಿಯಿಲ್ಲದ ಯಂತ್ರವನ್ನು ಓಡಿಸಿದ್ದೂ ಹಗ್ಗ ತರಿಸಿದ್ದೂ ಕಟ್ಟೆಂದು ಹೇಳಿದ್ದೂ ನಾನೇ ಎಂದು ಬಾಯಿಬಿಟ್ಟು ಹೇಳಿರಿ. ಭರಮಪ್ಪನನ್ನು ಬಿಡಿಸಿ ಆಸ್ಪತ್ರೆಗೆ ಸೇರಿಸಿರಿ. ಇದು ವಿನಂತಿಯಲ್ಲ.

ಆಗುವುದಿಲ್ಲವೆಂದರೆ ಭಾನುವಾರ ತಮ್ಮ ಮೊದಲ ಗಿರಾಕಿ ನಾನೇ. ಊರವರೆಲ್ಲ ನೋಡುವಂತೆ ಬಂದು ನನ್ನ ಮಗಳು ಕೂತ ಕುರ್ಚಿಯಲ್ಲೇ ಕೂರುತ್ತೇನೆ. ಪಟ್ಟಿ ಬೇಡ, ಅದೇ ಹಗ್ಗ ತರಿಸಿರಿ. ಕಟ್ಟುವವನ ಬೆರಳುಗಳನ್ನು ಮುರಿಸಿದ್ದೀರಿ, ಆದ್ದರಿಂದ ಗಂಟು ತಾವೇ ಹಾಕಬೇಕು. ನನಗೆ ನೋವಾದೀತೆಂದು ನೋಡಬೇಡಿ, ಬಿಗಿಯಾಗಿ ಕಟ್ಟಿರಿ.

ಇಂತಿ,
ತಮ್ಮ ಹೊಸ ಆಕರ್ಷಣೆಯ ತಂದೆ,
ಶೇಖಸಾಬ, ಖಾರದ ಅಂಗಡಿ